ಏರುವ ಗಾಡಿಗೆ ದಾರಿ ಬಿಡಿ
(ಗಂಡಸರ ನಡೆನುಡಿಯ ಬಗ್ಗೆ ಒಂದಿಷ್ಟು ಮಾತು)

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸೀಮೆಯ ಒಂದು ಮನೆಗೆ ಹೆಣ್ಣು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹುಡುಗ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದ. ಒಳ್ಳೆಯ ಸಂಬಳ, ಕುಡಿತವಿಲ್ಲ, ಭಾನುವಾರದ ಬಲಿಪೂಜೆ ತಪ್ಪಿಸುವವನಲ್ಲ. ಎರಡೂ ಕಡೆಯ ಹಿರಿಯರಿಗೆ ಒಪ್ಪಿಗೆಯಾಗಿತ್ತು. ಆದರೆ ಹುಡುಗಿ ಮಾತ್ರ ಬೇಡವೆಂದಳು. ತಂದೆತಾಯಿಗೆ ಸಿಟ್ಟು ಬಂದು, “ಇವಳಿಗೆ ನೀವಾದರೂ ಬುದ್ಧಿ ಹೇಳಿ ಸ್ವಾಮಿ” ಎಂದು ನನ್ನಲ್ಲಿಗೆ ಕರೆತಂದರು. ಏಕಮ್ಮಾ ಬೇಡ ಎಂದು ಕೇಳಿದೆ. ಅವಳು ಹೇಳಿದ್ದು ಇಷ್ಟು:

“ಸ್ವಾಮಿ, ಅವರು ನನ್ನ ಜೊತೆ ಚೆನ್ನಾಗೇ ಮಾತಾಡಿದ್ರು. ಆದ್ರೆ ಕಾಫಿ ಕುಡಿದ ಮೇಲೆ ಖಾಲಿ ಲೋಟಾನ ಅವರಮ್ಮನ ಕಡೆಗೆ ನೀಡಿದ್ರು. ಮುಖ ಕೂಡ ನೋಡ್ಲಿಲ್ಲ. ಅವರಮ್ಮಂಗೆ ಮಂಡಿ ನೋವು. ಚಾಪೆಯಿಂದ ಕಷ್ಟಪಟ್ಟು ಎದ್ದು ಇಸ್ಕೊಂಡ್ರು. ಇವತ್ತು ನಾನು ಹೊರಗಿನವಳು, ಅದಕ್ಕೆ ಮರ್ಯಾದೆ ಕೊಡ್ತಾರೆ. ಮದುವೆ ಆದ್ಮೇಲೆ ಆ ಲೋಟ ನನ್ನ ಕಡೆಗೆ ಬರುತ್ತೆ.”

ಗುರುಮಠದಲ್ಲಿ ವರ್ಷಗಟ್ಟಲೆ ಓದಿದ ನನ್ನ ಬಳಿ ಆ ಮಾತಿಗೆ ಉತ್ತರವಿರಲಿಲ್ಲ. ತಂದೆತಾಯಿಗೇ ಸಮಾಧಾನ ಹೇಳಿ ಕಳುಹಿಸಿದೆ. ಅಂದಿನಿಂದ ಆ ಖಾಲಿ ಲೋಟ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಈ ಲೇಖನ ಹುಟ್ಟಿದ್ದೂ ಅದರಿಂದಲೇ.

ಜಂಟಲ್‌ಮನ್ ಎಂದರೆ ಯಾರು?

ನಮ್ಮ ಊರುಗಳಲ್ಲಿ ‘ಅವನು ಜಂಟಲ್‌ಮನ್’ ಎಂದರೆ ಇಸ್ತ್ರಿ ಮಾಡಿದ ಷರ್ಟು, ಹೊಳೆಯುವ ಬೂಟು, ನಾಲ್ಕು ಮಾತು ಇಂಗ್ಲಿಷು ಎಂದೇ ಅರ್ಥ. ಆದರೆ ನಮ್ಮ ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಪದವೊಂದಿದೆ: ಮರ್ಯಾದಸ್ಥ. ‘ಮರ್ಯಾದೆ’ ಎಂಬ ಪದಕ್ಕೆ ಎಲ್ಲೆ, ಗಡಿ ಎಂಬ ಅರ್ಥವೂ ಉಂಟು. ತನ್ನ ಎಲ್ಲೆ ಎಲ್ಲಿ ಮುಗಿಯುತ್ತದೆ, ಇನ್ನೊಬ್ಬರದು ಎಲ್ಲಿ ಶುರುವಾಗುತ್ತದೆ ಎಂದು ತಿಳಿದವನೇ ಮರ್ಯಾದಸ್ಥ. ಗಡಿನಾಡಿನಲ್ಲಿ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲ ಲೋಕದ ಮಾತು, ಗುರುಗಳಿಗೇಕೆ ಎಂದು ಕೆಲವರು ಕೇಳಬಹುದು. ನಡೆನುಡಿಯ ಬಗ್ಗೆ ಧರ್ಮಸಭೆಯ ಹಿರಿಯರು ಹಿಂದಿನಿಂದಲೂ ಬರೆದಿದ್ದಾರೆ. ಬಡಮಕ್ಕಳಿಗಾಗಿ ಶಾಲೆಗಳನ್ನು ತೆರೆದ ಫ್ರಾನ್ಸಿನ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್‌ರವರು ೧೭೦೩ರಲ್ಲಿ ಸಭ್ಯತೆಯ ನಿಯಮಗಳ ಬಗ್ಗೆಯೇ ಒಂದು ಪುಸ್ತಕವನ್ನು ಹೊರತಂದರು. ಶ್ರೀಮಂತರ ಮಕ್ಕಳಿಗಷ್ಟೇ ಸಿಗುತ್ತಿದ್ದ ಪಾಠ ಬಡವರ ಮಕ್ಕಳಿಗೂ ಸಿಕ್ಕಿತು. ಇನ್ನು ೨೦೧೯ರಲ್ಲಿ ಸಂತರೆಂದು ಘೋಷಿತರಾದ ಕಾರ್ಡಿನಲ್ ಜಾನ್ ಹೆನ್ರಿ ನ್ಯೂಮನ್‌ರವರು ೧೮೫೨ರಲ್ಲಿ ಡಬ್ಲಿನ್ ನಗರದಲ್ಲಿ ವಿಶ್ವವಿದ್ಯಾಲಯದ ಬಗ್ಗೆ ಉಪನ್ಯಾಸಗಳನ್ನು ನೀಡಿದರು. ಆ ವಿಚಾರದ ಅವರ ಗ್ರಂಥದಲ್ಲಿ ಸಭ್ಯಸ್ಥನ ಗುರುತು ಸಿಗುತ್ತದೆ. ಉಡುಪು, ಭಾಷೆ, ಕುಲ ಯಾವುದೂ ಅಲ್ಲ. ಇನ್ನೊಬ್ಬರನ್ನು ನೋಯಿಸದಿರುವುದೇ ಆ ಗುರುತು. ಜೊತೆಗೆ ಅವರು ಒಂದು ಎಚ್ಚರಿಕೆಯನ್ನೂ ಕೊಟ್ಟರು: ಸಭ್ಯಸ್ಥನಾದ ಮಾತ್ರಕ್ಕೆ ಯಾರೂ ಸಂತನಾಗುವುದಿಲ್ಲ. ನಿಜವೇ. ಆದರೆ ಮನೆಯವರನ್ನು ದಿನವೂ ನೋಯಿಸುತ್ತಾ ಸಂತನಾಗಲು ಹೊರಟವನ ಪಾಡು ಇನ್ನೂ ಕಷ್ಟ ಎಂದು ನನ್ನ ಅನಿಸಿಕೆ!

ಘಾಟಿ ಕಲಿಸುವ ಪಾಠ

ಸತ್ಯಮಂಗಲದ ಕಡೆಯಿಂದ ತಾಳವಾಡಿಗೆ ಬರಬೇಕಾದರೆ ಬಣ್ಣಾರಿ ದಾಟಿ ದಿಂಬಂ ಘಾಟಿ ಹತ್ತಬೇಕು. ೨೭ ಹೇರ್‌ಪಿನ್ ತಿರುವುಗಳು. ಇಕ್ಕಟ್ಟಾದ ತಿರುವಿನಲ್ಲಿ ಎರಡು ವಾಹನ ಎದುರಾದರೆ ಯಾರು ನಿಲ್ಲಬೇಕು? ಚಾಲಕರಿಗೆಲ್ಲ ತಿಳಿದ ನಿಯಮ ಇದು: ಇಳಿಯುವವನು ನಿಲ್ಲಬೇಕು, ಏರುವವನಿಗೆ ದಾರಿ ಬಿಡಬೇಕು. ಏಕೆಂದರೆ ಹೊರೆ ಹೊತ್ತು ಏರುವ ಲಾರಿ ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ, ಹಿಂದಕ್ಕೆ ಜಾರುವ ಅಪಾಯವೂ ಉಂಟು. ಇಳಿಯುವವನಿಗೆ ಹೋಗುವುದು ಒಂದು ನಿಮಿಷ ಮಾತ್ರ.

ಪ್ರಿಯ ಓದುಗರೇ, ಒಳ್ಳೆಯ ನಡತೆಯ ನಿಯಮಗಳನ್ನೆಲ್ಲ ಒಟ್ಟು ಮಾಡಿ ಹಿಂಡಿದರೆ ಸಿಗುವುದು ಇದೇ ಒಂದು ನಿಯಮ. ಈ ಹೊತ್ತಿನಲ್ಲಿ ಏರುತ್ತಿರುವವರು ಯಾರು? ಹೊರೆ ಯಾರ ಮೇಲಿದೆ? ಅವರಿಗೆ ದಾರಿ ಬಿಡು. ಮಂಡಿ ನೋವಿನ ತಾಯಿ ಏರುವ ಗಾಡಿ, ಇಪ್ಪತ್ತೈದರ ಮಗ ಇಳಿಯುವ ಗಾಡಿ. ಲೋಟ ಹಿಡಿದು ಏಳಬೇಕಾದವರು ಯಾರೆಂದು ಈಗ ಹೇಳುವ ಅಗತ್ಯವಿಲ್ಲ.

ಮನೆಯೊಳಗೆ

ಪರೀಕ್ಷೆ ಶುರುವಾಗುವುದೇ ಮನೆಯಲ್ಲಿ. ಅಂಗಡಿಯವರ ಹತ್ತಿರ “ಏನಣ್ಣ, ಹೇಗಿದ್ದೀರಾ” ಎನ್ನುವ ಬಾಯಿ ಮನೆಗೆ ಬಂದೊಡನೆ “ಏಯ್, ನೀರು” ಎನ್ನುತ್ತದೆ. ಹೊರಗಿನವರಿಗೆ ಹಬ್ಬದೂಟ, ಮನೆಯವರಿಗೆ ತಂಗಳು!

೨೦೨೫ರ ಏಪ್ರಿಲ್‌ನಲ್ಲಿ ನಮ್ಮನ್ನಗಲಿದ ಜಗದ್ಗುರು ಫ್ರಾನ್ಸಿಸ್‌ರವರು ೨೦೧೫ರ ಮೇ ತಿಂಗಳ ಒಂದು ಬುಧವಾರದ ಉಪದೇಶದಲ್ಲಿ ಕುಟುಂಬಕ್ಕೆ ಮೂರು ಮಾತುಗಳು ಬೇಕೆಂದರು: ಅನುಮತಿ ಕೇಳುವ ಮಾತು, ಉಪಕಾರ ನೆನೆಯುವ ಮಾತು, ಕ್ಷಮೆ ಬೇಡುವ ಮಾತು. “ನಮ್ಮಲ್ಲಿ ಹೆಂಡತಿಗೆ ಥ್ಯಾಂಕ್ಸ್ ಹೇಳುವ ವಾಡಿಕೆ ಇಲ್ಲವಲ್ಲ ಸ್ವಾಮಿ” ಎಂದು ಒಬ್ಬ ಹಿರಿಯರು ನಕ್ಕರು. ಸರಿ, ಇಂಗ್ಲಿಷಿನಲ್ಲಿ ಹೇಳುವುದು ಬೇಡ. “ಸಾರು ಚೆನ್ನಾಗಿದೆ” ಎಂದರೆ ಅದು ಉಪಕಾರದ ಮಾತಲ್ಲವೇ? “ನೀನು ಕೂತ್ಕೊ, ನಾನು ಬಡಿಸ್ಕೋತೀನಿ” ಎಂದರೆ ಅದಕ್ಕಿಂತ ದೊಡ್ಡದು. “ನಾಳೆ ಅಣ್ಣನ ಮನೆಗೆ ಹೋಗೋಣ ಅಂತಿದೀನಿ, ನಿನಗೆ ಆಗುತ್ತಾ?” ಎಂದು ಕೇಳುವುದು ಅನುಮತಿಯ ಮಾತು. ಇನ್ನು ಕ್ಷಮೆಯ ಮಾತು ಗಂಡಸರ ಗಂಟಲಲ್ಲಿ ಸಿಕ್ಕಿಕೊಳ್ಳುವ ಮುಳ್ಳು. “ನಂದೇ ತಪ್ಪಾಯ್ತು” ಎನ್ನುವುದಕ್ಕೆ ಬದಲಾಗಿ ಮಲ್ಲಿಗೆ ಹೂವು ತಂದು ಮೇಜಿನ ಮೇಲಿಟ್ಟು ಸುಮ್ಮನಾಗುವವರನ್ನು ಬಲ್ಲೆ. ಹೂವು ತನ್ನಿ, ಬೇಡವೆನ್ನುವುದಿಲ್ಲ. ಮಾತನ್ನೂ ಹೇಳಿ.

ಉಂಡ ತಟ್ಟೆಯನ್ನು ತೊಳೆಯುವ ಜಾಗಕ್ಕೆ ಒಯ್ಯುವುದು, ಒದ್ದೆ ಟವಲನ್ನು ಹಾಸಿಗೆಯ ಮೇಲೆ ಎಸೆಯದಿರುವುದು, ಬಚ್ಚಲನ್ನು ಮುಂದೆ ಬರುವವರಿಗೆ ಚೊಕ್ಕಟವಾಗಿ ಬಿಡುವುದು: ಇವು ಸಣ್ಣ ಕೆಲಸಗಳು. ಆದರೆ ಗಂಡುಮಕ್ಕಳು ಕಲಿಯುವುದು ನಮ್ಮ ಉಪದೇಶ ಕೇಳಿ ಅಲ್ಲ, ಅಪ್ಪ ತಟ್ಟೆ ಎತ್ತುವುದನ್ನು ನೋಡಿ. ಆ ಹುಡುಗನೂ ಖಾಲಿ ಲೋಟ ನೀಡುವುದನ್ನು ಎಲ್ಲಿಂದಲೋ ಕಲಿತಿರಬೇಕಲ್ಲವೇ?

ಹಿರಿಯರ ರೂಢಿ, ಇಂದಿನ ಅಗತ್ಯ

ನಮ್ಮ ಹಿರಿಯರು ಶಿಷ್ಟಾಚಾರದ ಪುಸ್ತಕ ಓದಿದವರಲ್ಲ. ಆದರೂ ಎತ್ತಿಕಟ್ಟಿದ ಪಂಚೆಯನ್ನು ದೊಡ್ಡವರು ಎದುರಾದಾಗ ಇಳಿಬಿಡುತ್ತಿದ್ದರು. ಹೆಂಗಸರು ಕುಳಿತ ಹಿತ್ತಲ ಕಡೆ ಹೋಗುವ ಮೊದಲು ಕೆಮ್ಮಿ ಸುಳಿವು ಕೊಡುತ್ತಿದ್ದರು. ಬಾಗಿಲಲ್ಲಿ ನಿಂತು “ಮನೇಲಿ ಯಾರಿದ್ದೀರಾ?” ಎಂದು ಕೂಗಿಯೇ ಒಳಗೆ ಕಾಲಿಡುತ್ತಿದ್ದರು. ಹೊರಡುವಾಗ “ಹೋಗ್ತೀನಿ” ಎನ್ನದೆ “ಹೋಗ್ಬರ್ತೀನಿ” ಎನ್ನುತ್ತಿದ್ದರು. ಸಾವಿನ ಮನೆಯಲ್ಲಾದರೆ ಅದನ್ನೂ ಹೇಳದೆ ಮೌನವಾಗಿ ಎದ್ದುಬರುತ್ತಿದ್ದರು.

ಈ ರೂಢಿಗಳ ಹಿಂದಿನ ಕಾಳಜಿಯನ್ನು ನಾವು ಹೊಸ ಜಾಗಗಳಿಗೆ ಒಯ್ಯಬೇಕಾಗಿದೆ. ಅಂದು ಬಾಗಿಲಲ್ಲಿ ಕೂಗುತ್ತಿದ್ದರು. ಇಂದು ಹೇಳದೆ ಕೇಳದೆ ವೀಡಿಯೊ ಕಾಲ್ ಮಾಡುವುದೆಂದರೆ ಕೂಗದೆ ಒಳಮನೆಗೆ ನುಗ್ಗಿದಂತೆ. ಮೊದಲು “ಮಾತಾಡಬಹುದಾ?” ಎಂದು ಒಂದು ಸಾಲು ಕಳುಹಿಸಿದರೆ ಸಾಕು. ಅಂದು ಸಾವಿನ ಮನೆಯಲ್ಲಿ ಮೌನವಿತ್ತು. ಇಂದು ಶವಪೆಟ್ಟಿಗೆಯ ಪಕ್ಕದಲ್ಲೇ ಸಿನಿಮಾ ಹಾಡಿನ ರಿಂಗ್‌ಟೋನು. ಅಲ್ಲಿಗೆ ಹೋದವರು ಫೋನನ್ನು ಮೂಕ ಮಾಡಿ. “ಯಾವಾಗ ಆಯ್ತು, ಹೇಗಾಯ್ತು, ಯಾವ ಆಸ್ಪತ್ರೆ, ಎಷ್ಟು ಖರ್ಚಾಯ್ತು” ಎಂದು ಕೇಳಿದ್ದನ್ನೇ ಕೇಳಬೇಡಿ. ಆ ಮನೆಯವರು ಬೆಳಗ್ಗೆಯಿಂದ ನೂರು ಸಲ ಅದನ್ನೇ ಹೇಳಿ ಬಳಲಿರುತ್ತಾರೆ. ಕುರ್ಚಿ ಹಾಕುವುದಕ್ಕೋ ನೀರು ತರುವುದಕ್ಕೋ ಕೈ ಕೊಡಿ.

ನನ್ನ ತಪ್ಪನ್ನೇ ಹೇಳುತ್ತೇನೆ. ಒಮ್ಮೆ ಮನೆಭೇಟಿಗೆ ಹೋಗಿದ್ದಾಗ ಗಂಡನನ್ನು ಕಳೆದುಕೊಂಡ ಒಬ್ಬ ಅಜ್ಜಿ ಆತನ ಕೊನೆಯ ರಾತ್ರಿಯನ್ನು ನನಗೆ ವಿವರಿಸುತ್ತಿದ್ದರು. ನನ್ನ ಫೋನು ಟಿಣ್ ಎಂದಿತು. ಒಂದು ಕ್ಷಣ ಅಷ್ಟೇ ಎಂದು ಕಣ್ಣು ಹಾಯಿಸಿದೆ. ಅಜ್ಜಿ ಮಾತು ನಿಲ್ಲಿಸಿ, “ನೀವು ನೋಡ್ಕಳಿ ಸ್ವಾಮಿ, ನಂದೇನೂ ಅರ್ಜೆಂಟಿಲ್ಲ” ಎಂದರು. ಕೋಪದಿಂದಲ್ಲ, ನಿಜವಾಗಿಯೂ ನನಗೆ ಅನುಕೂಲವಾಗಲೆಂದು. ಫೋನನ್ನು ಜೇಬಿಗೆ ಹಾಕಿ ಮುಂದೆ ಹೇಳಿ ಎಂದೆ. ಅವರು ಮುಂದುವರಿಸಲಿಲ್ಲ, ಕಾಫಿ ಮಾಡಲು ಒಳಗೆ ಹೋದರು. ಆ ರಾತ್ರಿಯ ಮಿಕ್ಕ ಕಥೆಯನ್ನು ನಾನು ಇಂದಿಗೂ ಕೇಳಿಲ್ಲ. ಅವರೂ ಈಗಿಲ್ಲ. ಬಂದಿದ್ದ ಸಂದೇಶ ಏನೆಂದು ನನಗೆ ನೆನಪೂ ಇಲ್ಲ. ಈಗ ಮನೆಭೇಟಿಗೆ ಹೋಗುವಾಗ ಫೋನನ್ನು ಬೈಕಿನ ಪೆಟ್ಟಿಗೆಯಲ್ಲಿಟ್ಟು ಹೋಗುತ್ತೇನೆ.

ಊಟದ ಪಂಕ್ತಿಯಲ್ಲಿ

ಮದುವೆ ಮನೆಯ ಊಟದ ಹಾಲಿನಲ್ಲಿ ನಿಂತು ನೋಡಿ. ಉಣ್ಣುತ್ತಿರುವವರ ಬೆನ್ನ ಹಿಂದೆ ಕುರ್ಚಿ ಹಿಡಿದು ನಿಂತವರ ಸಾಲು. ಪಾಪ, ಕುಳಿತವರಿಗೆ ಪಾಯಸ ಗಂಟಲಲ್ಲಿ ಇಳಿಯುವುದಿಲ್ಲ. ಹತ್ತು ಹೆಜ್ಜೆ ದೂರ ನಿಂತರೆ ನಮ್ಮ ಊಟವೇನೂ ಓಡಿಹೋಗುವುದಿಲ್ಲ. ಪಕ್ಕದವರು ಮುಗಿಸುವ ತನಕ ಎಲೆಯ ಮುಂದಿನಿಂದ ಏಳದಿರುವುದು ನಮ್ಮ ಹಳೆಯ ಪಂಕ್ತಿಧರ್ಮ. ಬೇಡವಾದದ್ದನ್ನು ಬಡಿಸುವ ಮೊದಲೇ ಬೇಡವೆನ್ನಿ. ಬಡಿಸುವ ಹುಡುಗನನ್ನು “ಏ ಸಾಂಬಾರ್” ಎಂದು ಕರೆಯಬೇಡಿ, ಅವನ ಹೆಸರು ಸಾಂಬಾರ್ ಅಲ್ಲ. ಉತ್ತರದ ರಾಜ್ಯಗಳಿಂದ ಬಂದು ನಮ್ಮ ಬೇಕರಿ, ಹೋಟೆಲುಗಳಲ್ಲಿ ದುಡಿಯುವ ಹುಡುಗರನ್ನು “ಏ ಹಿಂದಿ” ಎಂದು ಕೂಗುವುದೂ ಕೇಳಿಬರುತ್ತದೆ. ನಮ್ಮ ಮಕ್ಕಳೂ ದೂರದ ಊರುಗಳಲ್ಲಿ ದುಡಿಯುತ್ತಿದ್ದಾರೆ. ಅವರನ್ನು ಯಾರು ಹೇಗೆ ಕರೆಯಬೇಕೆಂದು ಬಯಸುತ್ತೇವೋ ಹಾಗೆಯೇ ಇವರನ್ನು ಕರೆಯೋಣ.

ಒಂದು ಮಾತು ಕುಡಿತದ ಬಗ್ಗೆ. ಬೇಡವೆಂದವನಿಗೆ “ಒಂದೇ ಒಂದು ತಗೊಳಪ್ಪ, ನಮ್ಮ ಮರ್ಯಾದೆಗಾದರೂ” ಎಂದು ಒತ್ತಾಯಿಸುವುದು ಉಪಚಾರವಲ್ಲ. ಅವನು ಎಷ್ಟು ತಿಂಗಳ ಹೋರಾಟದಿಂದ ಬಿಟ್ಟಿದ್ದಾನೋ ಯಾರಿಗೆ ಗೊತ್ತು? ಅವನು ಏರುತ್ತಿರುವ ಗಾಡಿ. ಅಡ್ಡ ನಿಲ್ಲಬೇಡಿ.

ಬಸ್ಸಿನಲ್ಲಿ, ದಾರಿಯಲ್ಲಿ

ತಮಿಳುನಾಡಿನ ಸಾಮಾನ್ಯ ದರದ ಟೌನ್ ಬಸ್ಸುಗಳಲ್ಲಿ ೨೦೨೧ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ಕರ್ನಾಟಕದಲ್ಲೂ ಆ ರಾಜ್ಯದ ಮಹಿಳೆಯರಿಗೆ ೨೦೨೩ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅದೇ ಅನುಕೂಲ. ಆಗಿನಿಂದ ಒಂದು ಹೊಸ ಕೊಂಕು ಶುರುವಾಗಿದೆ: “ಪುಕ್ಕಟೆ ಬರೋರಿಗೆ ಸೀಟು ಬೇರೆ ಬೇಕಾ?” ಹೀಗೆನ್ನುವವರು ಒಂದು ಕ್ಷಣ ಯೋಚಿಸಬೇಕು. ಬೆಳಗಿನ ಜಾವ ಎದ್ದು ಅಡುಗೆ ಮುಗಿಸಿ, ದಿನವಿಡೀ ಎಲೆಕೋಸಿನ ಹೊಲದಲ್ಲಿ ಬಗ್ಗಿ ಬಂದ ಹೆಂಗಸಿನ ಕಾಲಿಗೆ ಟಿಕೆಟ್ಟಿನ ಬೆಲೆ ಗೊತ್ತಿಲ್ಲ, ನೋವು ಮಾತ್ರ ಗೊತ್ತು. ಸೀಟು ಬಿಟ್ಟುಕೊಡುವಾಗಲೂ ಎಲ್ಲರಿಗೂ ಕೇಳುವಂತೆ “ಬಾಮ್ಮ, ಕೂತ್ಕೊ” ಎಂದು ಸಾರಬೇಕಾಗಿಲ್ಲ. ಸುಮ್ಮನೆ ಎದ್ದು ಸರಿದರಾಯಿತು.

ಸೀಟಿನಲ್ಲಿ ಕಾಲು ಅಗಲಿಸಿ ಪಕ್ಕದವರನ್ನು ಕಿಟಕಿಗೆ ಒತ್ತುವುದು, ಇಡೀ ಬಸ್ಸಿಗೆ ಕೇಳುವಂತೆ ಫೋನಿನಲ್ಲಿ ವೀಡಿಯೊ ಹಾಕುವುದು, ಮಳೆನೀರಿನ ಗುಂಡಿಯಲ್ಲಿ ಬೈಕು ಹಾರಿಸಿ ಶಾಲಾ ಮಕ್ಕಳ ಬಟ್ಟೆಗೆ ಕೆಸರು ಎರಚುವುದು, ಎದುರಿನವರ ಕಣ್ಣಿಗೆ ಹೈಬೀಮ್ ಬೆಳಕು ಹೊಡೆಯುವುದು. ಇವೆಲ್ಲ ಒಂದೇ ರೋಗದ ಲಕ್ಷಣ. ದಾರಿ ನನ್ನೊಬ್ಬನದೇ ಎಂಬ ರೋಗ.

ಗಡಿನಾಡಿನವರಿಗೆ ಇನ್ನೊಂದು ಜವಾಬ್ದಾರಿ ಇದೆ. ಗುಂಪಿನಲ್ಲಿ ತಮಿಳು ಮಾತ್ರ ಬಲ್ಲ ಒಬ್ಬರಿದ್ದರೆ, ಅವರಿಗೆ ತಿಳಿಯದ ಹಾಗೆ ಕನ್ನಡದಲ್ಲೇ ಮಾತಾಡಿ ನಗುವುದು ಸರಿಯಲ್ಲ. ನಮ್ಮ ನಡುವೆ ಕನ್ನಡ ಮಾತ್ರ ಬಲ್ಲ ಅಜ್ಜಿಯಿದ್ದಾಗ ಬೇರೆಯವರು ಹಾಗೆ ಮಾಡಿದರೆ ನಮಗೆ ಏನನ್ನಿಸುತ್ತದೆ? ಭಾಷೆಯ ಅಭಿಮಾನ ಇರಲಿ, ಅದನ್ನು ಬೇಲಿ ಮಾಡಿಕೊಳ್ಳುವುದು ಬೇಡ.

ಹೆಣ್ಣುಮಕ್ಕಳೊಂದಿಗೆ

ಕಾರಿನ ಬಾಗಿಲು ತೆರೆದು ನಿಲ್ಲುವುದನ್ನು ಸಿನಿಮಾದಲ್ಲಿ ನೋಡಿ ಕಲಿತಿದ್ದೇವೆ. ಕಲಿಯಬೇಕಾದದ್ದು ಬೇರೆಯೇ ಇದೆ. ಆಕೆ ಮಾತು ಮುಗಿಸುವ ತನಕ ಕಾಯುವುದು. ಸಭೆಯಲ್ಲಿ ಆಕೆ ಹೇಳಿದ ಸಲಹೆಯನ್ನೇ ಐದು ನಿಮಿಷದ ನಂತರ ತನ್ನದೆಂಬಂತೆ ಹೇಳದಿರುವುದು. ನಮ್ಮ ಧರ್ಮಕೇಂದ್ರದ ಸಭೆಗಳಲ್ಲೂ ಇದು ನಡೆಯುತ್ತದೆ, ನಾನೇ ಸಾಕ್ಷಿ. “ಇನ್ನೂ ಮದುವೆ ಆಗ್ಲಿಲ್ವಾ?”, “ಮಕ್ಕಳು ಯಾವಾಗ?”, “ಯಾಕೆ ಇಷ್ಟು ದಪ್ಪ ಆಗಿದ್ದೀಯಾ?” ಎಂಬ ಪ್ರಶ್ನೆಗಳನ್ನು ನುಂಗಿಕೊಳ್ಳುವುದು. ಕೇಳುವವನಿಗೆ ಅದು ಕುಶಲದ ಮಾತು, ಕೇಳಿಸಿಕೊಳ್ಳುವವಳಿಗೆ ರಾತ್ರಿಯಿಡೀ ಕೊರೆಯುವ ಮಾತು. ಕೈಕುಲುಕಬೇಕೆ ಎಂಬ ಸಂಶಯವಿದ್ದರೆ ನಮ್ಮ ನಮಸ್ಕಾರವಿದೆ. ಆಕೆ ಕೈ ಚಾಚಿದರೆ ಕುಲುಕಿ, ಇಲ್ಲವಾದರೆ ಕೈಮುಗಿದರೆ ಸಾಕು. ಆಕೆಯ ಫೋಟೊ ತೆಗೆಯುವ ಮೊದಲು, ಅದನ್ನು ವಾಟ್ಸಾಪಿನಲ್ಲಿ ಹಂಚುವ ಮೊದಲು ಕೇಳಿ. ಗಂಡಸರ ಗುಂಪಿನಲ್ಲಿ ಹೆಣ್ಣುಮಕ್ಕಳ ಬಗ್ಗೆ ಕೀಳು ಹಾಸ್ಯ ಬಂದಾಗ ನಗದಿರುವುದೂ ಒಂದು ಧೈರ್ಯ.

ತಿದ್ದುವ ಬಗೆ

ಹಾಗಾದರೆ ಇನ್ನೊಬ್ಬರ ತಪ್ಪನ್ನು ಕಂಡಾಗ ಏನು ಮಾಡಬೇಕು? ಇದಕ್ಕೊಂದು ಹಳೆಯ ಕಥೆಯಿದೆ. ಇಟಲಿಯ ಬೆನೆವೆಂಟೊ ಪ್ರಾಂತ್ಯದ ಮಹಾಧರ್ಮಾಧ್ಯಕ್ಷರಾಗಿದ್ದ ಜೊವಾನ್ನಿ ದೆಲ್ಲಾ ಕಾಸಾ ಎಂಬುವರು ನಡೆನುಡಿಯ ಬಗ್ಗೆ ‘ಗಲತೆಯೊ’ ಎಂಬ ಪುಸ್ತಕ ಬರೆದರು. ಅವರು ತೀರಿಕೊಂಡ ಮೇಲೆ, ೧೫೫೮ರಲ್ಲಿ ಅದು ಪ್ರಕಟವಾಯಿತು. ಇಂದಿಗೂ ಇಟಲಿಯಲ್ಲಿ ಶಿಷ್ಟಾಚಾರಕ್ಕೆ ‘ಗಲತೆಯೊ’ ಎಂದೇ ಹೆಸರು.

ಅದರಲ್ಲಿ ಬರುವ ಪ್ರಸಂಗ ಹೀಗಿದೆ. ವೆರೋನಾದ ಧರ್ಮಾಧ್ಯಕ್ಷರ ಮನೆಗೆ ರಿಚ್ಚಾರ್ದೊ ಎಂಬ ಶ್ರೀಮಂತ ಅತಿಥಿಯಾಗಿ ಬಂದ. ಎಲ್ಲದರಲ್ಲೂ ಸಭ್ಯಸ್ಥ. ಒಂದೇ ಕೊರತೆ: ಉಣ್ಣುವಾಗ ಬಾಯಿಂದ ಚಪ್ ಚಪ್ ಸದ್ದು ಮಾಡುತ್ತಿದ್ದ. ಧರ್ಮಾಧ್ಯಕ್ಷರು ಊಟದ ಮೇಜಿನಲ್ಲಿ ಏನನ್ನೂ ಆಡಲಿಲ್ಲ. ಆತ ಹೊರಡುವ ದಿನ ತಮ್ಮ ಮನೆಯ ಹಿರಿಯರೊಬ್ಬರನ್ನು ದಾರಿಯವರೆಗೆ ಜೊತೆಗೆ ಕಳುಹಿಸಿದರು. ಊರು ದಾಟಿದ ಮೇಲೆ ಆ ಹಿರಿಯರು, ಧರ್ಮಾಧ್ಯಕ್ಷರು ನಿಮಗೊಂದು ಉಡುಗೊರೆ ಕಳುಹಿಸಿದ್ದಾರೆ ಎಂದು ಹೇಳಿ, ಮೆಲ್ಲಗೆ ಆ ಒಂದು ಕೊರತೆಯನ್ನು ತಿಳಿಸಿದರು. ರಿಚ್ಚಾರ್ದೊವಿನ ಮುಖ ಕೆಂಪಾಯಿತು. ಆದರೆ ಆತ ಸಿಟ್ಟಾಗದೆ ಉಡುಗೊರೆಗಾಗಿ ಕೃತಜ್ಞತೆ ಹೇಳಿ ಕಳುಹಿಸಿದ.

ಇಲ್ಲಿ ಸಭ್ಯಸ್ಥರು ಮೂವರು. ಎಲ್ಲರೆದುರು ಆಡದೆ ಕಾದವರು ಒಬ್ಬರು, ಒಂಟಿಯಾಗಿ ಮೃದುವಾಗಿ ಹೇಳಿದವರು ಒಬ್ಬರು, ಕೇಳಿಸಿಕೊಂಡು ಉಪಕಾರ ನೆನೆದವನು ಒಬ್ಬ. ಹೆಂಡತಿಯನ್ನು ನೆಂಟರೆದುರು, ಮಗನನ್ನು ಅವನ ಗೆಳೆಯರೆದುರು, ಆಳನ್ನು ಗಿರಾಕಿಗಳೆದುರು ಬೈಯುವ ನಾವು ಈ ಮೂವರಲ್ಲಿ ಯಾರು?

ನಮ್ಮ ಸೀಮೆಯ ಒಬ್ಬರು

ಸಭ್ಯತೆಗೆ ಓದು ಬೇಕು, ಹಣ ಬೇಕು ಎನ್ನುವವರು ನಮ್ಮ ತಾಳವಾಡಿ ಸೀಮೆಯ ಗಾಜನೂರಿನ ಡಾ. ರಾಜ್‌ಕುಮಾರ್‌ರವರನ್ನು ನೆನೆಯಬೇಕು. ಶಾಲೆಯ ಓದು ಎಳವೆಯಲ್ಲೇ ನಿಂತುಹೋಗಿತ್ತು. ಮೈಸೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದದ್ದು ೧೯೭೬ರಲ್ಲಿ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ೧೯೯೫ರ ಸಾಲಿನದು. ಅಷ್ಟೆಲ್ಲ ಬಂದ ಮೇಲೂ ಬಿಳಿ ಪಂಚೆ, ಬಿಳಿ ಷರ್ಟು, ಮುಗಿದ ಕೈ. ತಮ್ಮನ್ನು ನೋಡಲು ಬಂದವರನ್ನು ಅವರು ಕರೆದದ್ದು ‘ಅಭಿಮಾನಿ ದೇವರುಗಳು’ ಎಂದು. ೨೦೦೬ರಲ್ಲಿ ಅವರು ತೀರಿಕೊಂಡ ಮೇಲೂ ಜನ ಅವರ ನಟನೆಯ ಜೊತೆಗೆ ಆ ವಿನಯವನ್ನೂ ಮಾತಾಡುತ್ತಾರೆ. ಎತ್ತರಕ್ಕೆ ಏರಿದವನು ಕೆಳಗಿರುವವರಿಗೆ ಬಾಗಿದರೆ ಅವನ ಎತ್ತರ ಕಡಿಮೆಯಾಗುವುದಿಲ್ಲ.

ಕೊನೆಯ ಮಾತು

ಶಿಷ್ಯರ ಕಾಲು ತೊಳೆಯಲು ಯೇಸುಸ್ವಾಮಿ ಊಟದ ಪಂಕ್ತಿಯಿಂದ ಎದ್ದರು, ಸೊಂಟಕ್ಕೆ ಬಟ್ಟೆ ಸುತ್ತಿಕೊಂಡರು. ಪವಿತ್ರ ಗುರುವಾರ ನಾವು ಗುರುಗಳು ಅದನ್ನು ವರ್ಷಕ್ಕೊಮ್ಮೆ ಪೀಠದ ಮುಂದೆ ಮಾಡುತ್ತೇವೆ. ಮನೆಗಳಲ್ಲಿ ಅದನ್ನು ದಿನವೂ ಮಾಡಬಹುದು. ಅದಕ್ಕೆ ಬೋಗುಣಿ, ಟವಲು ಬೇಕಾಗಿಲ್ಲ.

ಆ ಹುಡುಗಿಗೆ ಮುಂದೆ ಬೇರೆ ಕಡೆ ಮದುವೆಯಾಯಿತು. ನಾನೇ ಆಶೀರ್ವದಿಸಿದೆ. ಆ ಹುಡುಗನನ್ನೂ ಒಮ್ಮೆ ಭೇಟಿಯಾದೆ. ಮದುವೆ ಏಕೆ ಮುರಿಯಿತೆಂದು ಅವನಿಗೆ ಯಾರೂ ಹೇಳಿರಲಿಲ್ಲ. ವೆರೋನಾದ ಹಿರಿಯರನ್ನು ನೆನೆದು, ಒಂಟಿಯಾಗಿ ಕೂರಿಸಿಕೊಂಡು ಹೇಳಿದೆ. ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದ. ಕೊನೆಗೆ, “ಸ್ವಾಮಿ, ನನಗೆ ಅದು ನೆನಪೇ ಇಲ್ಲ” ಎಂದ. ಸುಳ್ಳಲ್ಲ, ನಿಜವಾಗಿಯೂ ನೆನಪಿರಲಿಲ್ಲ. ನಮ್ಮ ಹೆಚ್ಚಿನ ತಪ್ಪುಗಳು ಅಂಥವೇ. ನೆನಪಿರುವುದು ಎದ್ದು ಲೋಟ ತೆಗೆದುಕೊಂಡವರಿಗೆ.

ಪ್ರಿಯ ಸಹೋದರರೇ, ಇಂದು ಸಂಜೆ ಕಾಫಿ ಕುಡಿದ ಮೇಲೆ ಲೋಟವನ್ನು ನೀವೇ ಒಳಗೆ ಒಯ್ದಿಡಿ. ಅಲ್ಲಿಂದ ಶುರುಮಾಡೋಣ.